ಗಾಳ ಹಾಕುವವನ ಸಾಕ್ಷ್ಯ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಪಂಚಗಂಗೆಯ ನೀರು ತಗ್ಗುತ್ತದೆ. ಮಳೆಗಾಲದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇರಿ ವಾಹನಗಳ ಸಾಲನ್ನು ದಿನಗಟ್ಟಲೆ ತಡೆದು ನಿಲ್ಲಿಸುವ ನದಿ ಇದೇ ಎಂದರೆ ಆಗ ಹೊಸಬರು ನಂಬಲಾರರು. 2019ರ ಆಗಸ್ಟ್ ತಿಂಗಳ ಮಹಾಪೂರವನ್ನೂ 2021ರ ಜುಲೈ ತಿಂಗಳ ಮಹಾಪೂರವನ್ನೂ ಕಂಡ ಶಿರೋಳಿಯವರಿಗೆ ನದಿಯ ಈ ಎರಡೂ ಮುಖಗಳು ಚೆನ್ನಾಗಿ ಗೊತ್ತು. ಊರಿನ ಹೆಸರಿನೊಳಗೇ ಸೇತುವೆಯಿದೆ; ಮರಾಠಿಯಲ್ಲಿ ಅದನ್ನು ‘ಪುಲಾಚಿ ಶಿರೋಳಿ’ ಎನ್ನುತ್ತಾರೆ. ಸೇತುವೆಯ ಮೇಲೆ ಲಾರಿಗಳು ಹಗಲಿರುಳೂ ಓಡುತ್ತಿರುತ್ತವೆ. ಕೆಳಗೆ, ತಗ್ಗಿದ ನೀರಿನ ದಂಡೆಯಲ್ಲಿ, ಬಿದಿರಿನ ಕೋಲು, ಒಂದು ಎಳೆ ದಾರ, ಬೆಂಡಿನ ತುಂಡು, ಡಬ್ಬಿಯಲ್ಲಿ ಎರೆಹುಳು ಇವಿಷ್ಟನ್ನೇ ಹಿಡಿದುಕೊಂಡು ಗಾಳ ಹಾಕುವವರು ಕುಳಿತಿರುತ್ತಾರೆ.

ಹೀಗೆ ಕುಳಿತವರಲ್ಲಿ ಒಬ್ಬ ಅಜ್ಜ ಇದ್ದೇ ಇರುತ್ತಾನೆ. ನದಿಯ ದಂಡೆಯ ಯಾವ ಊರಿಗೆ ಹೋದರೂ ಅಂಥವನೊಬ್ಬ ಸಿಗುತ್ತಾನೆ. ಅವನು ಬಂದ ಕೂಡಲೆ ದಾರ ಬಿಚ್ಚುವುದಿಲ್ಲ. ಮೊದಲು ನೀರನ್ನು ನೋಡುತ್ತಾನೆ. ಬಣ್ಣ ಯಾವುದು, ವಾಸನೆ ಹೇಗಿದೆ, ಮೇಲೆ ನೊರೆ ತೇಲುತ್ತಿದೆಯೇ, ಸಣ್ಣ ಮೀನುಗಳು ಅಂಚಿಗೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ಗಮನಿಸುತ್ತಾನೆ. ಬಳಿಕ ಪಕ್ಕದ ಹುಡುಗನಿಗೆ, “ಇವತ್ತ ನೀರ ಚಲೋ ಇಲ್ಲೋ ತಮ್ಮಾ, ಗಾಳ ಬಿಡಬ್ಯಾಡ” ಎನ್ನುತ್ತಾನೆ. ಪ್ರಯೋಗಾಲಯದ ವರದಿ ಬರುವುದಕ್ಕೆ ಎಷ್ಟೋ ದಿನ ಮೊದಲೇ ಬಂದ ತೀರ್ಪು ಅದು. ಆದರೆ ಅದನ್ನು ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ. ಈ ಅಜ್ಜನ ಮಾತಿಗೆ ನ್ಯಾಯದ ಕಟ್ಟೆಯಲ್ಲಿ ಬೆಲೆ ಬರುವ ದಾರಿ ಉಂಟೇ ಎಂಬುದೇ ಈ ವಾರದ ವಿಚಾರ. ಅದನ್ನು ತಿಳಿಯಲು ಕೊಂಚ ದೂರದ, ಕೊಂಚ ತಣ್ಣನೆಯ ನದಿಗಳ ಕಡೆಗೆ ಹೋಗಿಬರಬೇಕಾಗುತ್ತದೆ.

ಹಿಮಾಚಲ ಪ್ರದೇಶದ ಬಿಯಾಸ್, ತೀರ್ಥನ್ ಮೊದಲಾದ ನದಿಗಳಲ್ಲಿ ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ ಟ್ರೌಟ್ ಮೀನನ್ನು ಹಿಡಿಯುವಂತಿಲ್ಲ. ಅದು ಮೊಟ್ಟೆಯಿಡುವ ಕಾಲ. ಮಾರ್ಚ್ ತಿಂಗಳು ಹುಟ್ಟಿದೊಡನೆ ಆ ನಿಷೇಧ ತೆರವಾಗುತ್ತದೆ. ಹಿಮ ಕರಗಿದ ನೀರು ಕಲ್ಲಿನಿಂದ ಕಲ್ಲಿಗೆ ಹಾರುತ್ತಿರುವಾಗ ಪರವಾನಗಿ ಪಡೆದ ಗಾಳಗಾರರು ಮೊಣಕಾಲಿನವರೆಗೆ ನೀರಿಗಿಳಿದು ನಿಲ್ಲುತ್ತಾರೆ. ಅವರ ಗಾಳದ ತುದಿಯಲ್ಲಿ ಎರೆಹುಳು ಇರುವುದಿಲ್ಲ, ಹಿಟ್ಟಿನ ಉಂಡೆಯೂ ಇರುವುದಿಲ್ಲ. ಅಲ್ಲಿರುವುದು ಹುಂಜದ ಗರಿ, ರೇಷ್ಮೆಯ ನೂಲು, ಮೊಲದ ರೋಮ ಇವುಗಳಿಂದ ಕಟ್ಟಿದ ಒಂದು ಹುಸಿನೊಣ. ಫ್ಲೈ ಫಿಶಿಂಗ್ ಎಂದು ಹೆಸರಾದ ವಿದ್ಯೆ ಇದೇ.

ಟ್ರೌಟ್ ಬಹಳ ನಾಜೂಕಿನ ಮೀನು. ಅದಕ್ಕೆ ತಂಪು ಬೇಕು, ಹರಿವು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 20 ಡಿಗ್ರಿಗೆ ಅದು 9ಕ್ಕೆ ಇಳಿಯುತ್ತದೆ. 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಉಳಿಯುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಕಾಯುವ ದಖ್ಖನಿನ ನದಿಗಳು ಟ್ರೌಟಿಗೆ ಒಗ್ಗದಿರುವುದಕ್ಕೆ ಈ ಲೆಕ್ಕವೇ ಕಾರಣ. 20 ಡಿಗ್ರಿ ದಾಟಿದರೆ ಅದು ಮೇವು ಬಿಡತೊಡಗುತ್ತದೆ, ಇನ್ನೂ ಏರಿದರೆ ಸಾಯುತ್ತದೆ. ಆದುದರಿಂದ ಟ್ರೌಟ್ ಇರುವ ನದಿಯನ್ನು ಕಂಡರೆ ಆ ನೀರು ಆರೋಗ್ಯದಿಂದಿದೆ ಎಂದು ಬೇರೆ ಪ್ರಮಾಣಪತ್ರ ಬೇಕಾಗಿಲ್ಲ.

ಅದು ವಸಂತದಲ್ಲಿಯೇ ಗಾಳಕ್ಕೆ ಬೀಳುವುದಕ್ಕೂ ಕಾರಣವಿದೆ. ಮೇಫ್ಲೈ ಎಂಬ ಒಂದು ಕೀಟ ಮರಿಯಾಗಿ ತಿಂಗಳುಗಟ್ಟಲೆ, ಕೆಲವು ಬಗೆಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ, ನದಿಯ ತಳದ ಕಲ್ಲುಗಳ ಅಡಿಯಲ್ಲಿ ಬದುಕುತ್ತದೆ. ನೀರು ಹದವಾಗಿ ಬೆಚ್ಚಗಾದ ಒಂದು ದಿನ ಅವು ಒಟ್ಟಾಗಿ ಮೇಲಕ್ಕೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತವೆ. ಹಾರಿದ ಮೇಲೆ ಅವಕ್ಕೆ ಬಾಯಿಯ ಕೆಲಸವಿಲ್ಲ, ಏನನ್ನೂ ತಿನ್ನುವುದಿಲ್ಲ. ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಕೂಡಿ, ಮೊಟ್ಟೆಯಿಟ್ಟು, ಮತ್ತೆ ಅದೇ ನೀರಿನ ಮೇಲೆ ಸತ್ತು ಬೀಳುತ್ತವೆ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲನ್ನು ಕಂಡವರು ಆ ನೋಟವನ್ನು ಊಹಿಸಿಕೊಳ್ಳಬಹುದು. ಆ ಹೊತ್ತಿನಲ್ಲಿ ಟ್ರೌಟ್ ಹರಿವಿಗೆ ಎದುರಾಗಿ ಮುಖಮಾಡಿ ನಿಂತು, ತೇಲಿಬರುವ ಕೀಟಗಳನ್ನು ಒಂದೊಂದಾಗಿ ಆಯ್ದು ತಿನ್ನುತ್ತದೆ. ಅಂದು ಯಾವ ಕೀಟ ಹಾರುತ್ತಿದೆಯೋ ಅದನ್ನೇ ಹೋಲುವ ಹುಸಿನೊಣವನ್ನು ಕಟ್ಟಿದವನಿಗೆ ಮೀನು ದಕ್ಕುತ್ತದೆ.

ಎರೆಹುಳುವಿನ ಗಾಳದಲ್ಲಿ ಸೀಸದ ಗುಂಡಿನ ಭಾರವೇ ದಾರವನ್ನು ದೂರಕ್ಕೆ ಒಯ್ಯುತ್ತದೆ. ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ಆದ್ದರಿಂದ ಇಲ್ಲಿ ದಾರವೇ ಭಾರವಾಗಿರುತ್ತದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕಾದು, ಬಳಿಕ ಮುಂದಕ್ಕೆ ಬೀಸಬೇಕು. ಆ ಕಾಯುವಿಕೆಯಲ್ಲಿ ಅರೆಕ್ಷಣ ತಪ್ಪಿದರೂ ದಾರ ಗಂಟಾಗುತ್ತದೆ. ನೊಣವು ನೀರಿನ ಮೇಲೆ ಹೂವಿನ ಎಸಳಿನಂತೆ ಇಳಿದು, ಹರಿವಿನ ವೇಗದಲ್ಲಿಯೇ ತೇಲಬೇಕು. ದಾರ ಎಳೆದು ಅದು ಸ್ವಲ್ಪ ಅಡ್ಡ ಸರಿದರೂ ಮೀನಿಗೆ ಮೋಸ ತಿಳಿದುಬಿಡುತ್ತದೆ. ಹೀಗಾಗಿ ಈ ವಿದ್ಯೆಯನ್ನು ಕಲಿತವನು ಕಲ್ಲನ್ನು ಎತ್ತಿ ತಳ ನೋಡುತ್ತಾನೆ, ಕೀಟಗಳನ್ನು ಗುರುತಿಸುತ್ತಾನೆ, ನೀರಿನ ಉಷ್ಣತೆಯನ್ನು ಬರೆದಿಡುತ್ತಾನೆ. ಮೇಫ್ಲೈ ಮರಿಗಳು ಮಲಿನವಾದ ನೀರಿನಲ್ಲಿ ಬಾಳಲಾರವು. ಕೊಳಚೆ ಹೆಚ್ಚಿದಂತೆ ಅವು ಮೊದಲು ಮಾಯವಾಗಿ, ಕೆಂಪು ಹುಳುಗಳೂ ಜಿಗಣೆಗಳೂ ಉಳಿಯುತ್ತವೆ. ನದಿಯ ತಳದ ಜೀವಿಗಳನ್ನು ಎಣಿಸಿ ನೀರಿನ ಗುಣವನ್ನು ನಿರ್ಣಯಿಸುವ ವಿಧಾನವನ್ನು ಇಂದು ವಿಜ್ಞಾನಿಗಳು ಎಲ್ಲೆಡೆ ಬಳಸುತ್ತಾರೆ. ಹುಸಿನೊಣದ ಗಾಳಗಾರರು ಆ ಕೆಲಸವನ್ನು ಬಹಳ ಹಿಂದಿನಿಂದಲೇ ತಮಗರಿವಿಲ್ಲದೆ ಮಾಡುತ್ತಿದ್ದರು.

ಎಷ್ಟು ಹಿಂದಿನಿಂದ ಎಂದರೆ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ರೋಮಿನ ಏಲಿಯನ್ ಎಂಬ ಲೇಖಕ ಮೆಸಿಡೋನಿಯದ ನದಿಯೊಂದರಲ್ಲಿ ಜನರು ಕೆಂಪು ಉಣ್ಣೆಗೆ ಹುಂಜದ ಗರಿ ಕಟ್ಟಿ ಚುಕ್ಕೆಯ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಪುಸ್ತಕವೊಂದು ಹನ್ನೆರಡು ಬಗೆಯ ಹುಸಿನೊಣಗಳನ್ನು ತಿಂಗಳುಗಳ ಲೆಕ್ಕದಲ್ಲಿ ವಿವರಿಸುತ್ತದೆ. ಐಝಾಕ್ ವಾಲ್ಟನ್ ಬರೆದ ಪ್ರಸಿದ್ಧ ಗ್ರಂಥ 1653ರದು. ಆದರೆ ಇವೆರಡಕ್ಕಿಂತಲೂ ಶತಮಾನಗಳ ಮೊದಲೇ ಕನ್ನಡ ನೆಲದ ಅರಸನೊಬ್ಬ ಗಾಳದ ಶಾಸ್ತ್ರವನ್ನು ಬರೆದಿದ್ದ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಪ್ರಕರಣವೇ ಇದೆ. ಮೂವತ್ತಕ್ಕೂ ಹೆಚ್ಚು ಜಾತಿಯ ಮೀನುಗಳು, ಅವುಗಳಿಗೆ ಹಾಕುವ ಮೇವು, ಕೋಲು, ದಾರ, ಕೊಕ್ಕೆ ಎಲ್ಲವೂ ಅಲ್ಲಿ ವಿವರವಾಗಿ ಬಂದಿವೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಆ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಕೊಲ್ಲಾಪುರವನ್ನಾಳಿದ ಶಿಲಾಹಾರರು ಆ ಚಾಳುಕ್ಯರ ಸಾಮಂತರು. ಅವರ ಅನೇಕ ಶಾಸನಗಳು ಕನ್ನಡದಲ್ಲಿಯೇ ಇವೆ. ಪಂಚಗಂಗೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನ ವಿದ್ಯೆ ಹೊರಗಿನಿಂದ ಬಂದ ಶೋಕಿಯೆಂದು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ.

ಟ್ರೌಟ್ ಮಾತ್ರ ಹೊರಗಿನದೇ. ಬ್ರಿಟಿಷರ ಕಾಲದಲ್ಲಿ, 1900ರ ಸುಮಾರಿಗೆ, ಅದರ ಮೊಟ್ಟೆಗಳು ಹಡಗಿನಲ್ಲಿ ಬಂದು ಕಾಶ್ಮೀರದ ತೊರೆಗಳಿಗೆ ಇಳಿದವು. ದಕ್ಷಿಣದಲ್ಲಿ ನೀಲಗಿರಿಯ ಎತ್ತರದ ಹೊಳೆಗಳಲ್ಲಿಯೂ ಅದನ್ನು ಬೆಳೆಸಿದರು. ಉಳಿದ ಬಯಲುನಾಡಿನಲ್ಲಿ ಗಾಳದ ಆಂಗ್ಲರು ಇಲ್ಲಿಯದೇ ಮೀನುಗಳನ್ನು ಅರಸಿದರು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ಭಾರತದ ಗಾಳವಿದ್ಯೆಯ ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಹಶೀರ್ ಮೀನನ್ನು ಜಗತ್ತಿನ ಗಾಳಗಾರರಿಗೆ ಪರಿಚಯಿಸಿದ ಕೃತಿಗಳಲ್ಲಿ ಅದು ಮುಖ್ಯವಾದುದು. ವಿನೋದಕ್ಕೆಂದು ನದಿಗಿಳಿದ ಇಂಥವರೇ ಹೊಳೆಗೆ ವಿಷ ಬೆರೆಸುವುದನ್ನೂ ಮರಿಮೀನುಗಳನ್ನು ಬಳಿದು ತೆಗೆಯುವುದನ್ನೂ ಕಂಡು ಕಳವಳಪಟ್ಟರು. 1897ರಲ್ಲಿ ಭಾರತೀಯ ಮೀನುಗಾರಿಕೆ ಅಧಿನಿಯಮ ಜಾರಿಯಾಯಿತು. ಅದರ 4ನೆಯ ಕಲಂ ಸಿಡಿಮದ್ದಿನಿಂದ ಮೀನು ಕೊಲ್ಲುವುದನ್ನೂ, 5ನೆಯ ಕಲಂ ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನೂ ಅಪರಾಧವೆಂದು ಸಾರಿತು. ಬೊಗಸೆಯಷ್ಟು ವಿಷ ಹಾಕಿದ ಬಡವನನ್ನು ಹಿಡಿಯಲು ಆ ಕಾನೂನು ಸಾಕಾಗುತ್ತಿತ್ತು. ಕೊಳವೆಯ ಮೂಲಕ ಹಗಲಿರುಳೂ ಹರಿದುಬರುವ ವಿಷಕ್ಕೆ ಅದು ಸಾಲದಾಯಿತು.

ಆ ದೊಡ್ಡ ವಿಷದ ಎದುರಿಗೆ ಗಾಳಗಾರರೇ ನಿಂತು ಗೆದ್ದ ಪ್ರಸಂಗವೊಂದು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ದಾಖಲಾಗಿದೆ. ಜಾನ್ ಈಸ್ಟ್‌ವುಡ್ ಎಂಬ ಬ್ಯಾರಿಸ್ಟರ್ 1948ರಲ್ಲಿ ಗಾಳಗಾರರ ಸಹಕಾರಿ ಸಂಘವೊಂದನ್ನು ಕಟ್ಟಿದರು. ಸದಸ್ಯರು ಕೊಡುವ ಚಿಕ್ಕ ಚಿಕ್ಕ ವಂತಿಗೆಯಿಂದ ನದಿ ಕೆಡಿಸುವವರ ಮೇಲೆ ದಾವೆ ಹೂಡುವುದೇ ಆ ಸಂಘದ ಉದ್ದೇಶ. ಡರ್ಬಿ ನಗರದ ಬಳಿ ಡರ್ವೆಂಟ್ ನದಿಯಲ್ಲಿ ಮೀನುಗಳು ಸತ್ತುಹೋಗಿದ್ದವು. ನಗರಸಭೆ ಸರಿಯಾಗಿ ಶುದ್ಧೀಕರಿಸದ ಕೊಳಚೆಯನ್ನು ಬಿಡುತ್ತಿತ್ತು, ಒಂದು ಕಾರ್ಖಾನೆ ತ್ಯಾಜ್ಯವನ್ನು ಬಿಡುತ್ತಿತ್ತು, ವಿದ್ಯುತ್ ಸ್ಥಾವರ ಬಿಸಿನೀರನ್ನು ಬಿಡುತ್ತಿತ್ತು. ‘ಪ್ರೈಡ್ ಆಫ್ ಡರ್ಬಿ’ ಎಂಬ ಗಾಳಗಾರರ ಸಂಘ ಈ ಮೂರೂ ಪಕ್ಷಗಳ ಮೇಲೆ ದಾವೆ ಹೂಡಿತು. 1953ರ ಕಾನೂನು ವರದಿಗಳಲ್ಲಿ ಆ ಮೊಕದ್ದಮೆ ಪ್ರಕಟವಾಗಿದೆ.

ನಗರಸಭೆಯ ವಾದ ಇಂದಿನ ಓದುಗರಿಗೂ ಪರಿಚಿತವೆನಿಸೀತು. ಜನಸಂಖ್ಯೆ ಬೆಳೆಯಿತು, ಹಳೆಯ ವ್ಯವಸ್ಥೆ ಸಾಲದಾಯಿತು, ಇದರಲ್ಲಿ ತನ್ನ ತಪ್ಪೇನು, ಬೇಕಾದರೆ ನಷ್ಟ ಕಟ್ಟಿಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂಬುದು ಅದರ ಸಾರ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮೀನು ಸತ್ತ ನದಿಗೆ ಹಣದ ಪರಿಹಾರ ಸಾಲದೆಂದು ಕಂಡು, ಮಲಿನಗೊಳಿಸುವುದನ್ನೇ ನಿಲ್ಲಿಸಬೇಕೆಂಬ ನಿರ್ಬಂಧಕಾಜ್ಞೆಯನ್ನು ಹೊರಡಿಸಿತು. ಹೊಸ ವ್ಯವಸ್ಥೆ ಕಟ್ಟಿಕೊಳ್ಳಲು ನಗರಸಭೆಗೆ ಕಾಲಾವಕಾಶ ಕೊಟ್ಟಿತೇ ಹೊರತು ಹೊಣೆಯಿಂದ ಬಿಡುಗಡೆ ಕೊಡಲಿಲ್ಲ. ಆದರೆ ಆ ಗೆಲುವಿನ ಹಿಂದೆ ಒಂದು ಅನುಕೂಲವಿತ್ತೆಂಬುದನ್ನು ಮರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಮೀನು ಹಿಡಿಯುವ ಹಕ್ಕು ಹೊಲಮನೆಯಂತೆ ಒಂದು ಸ್ವತ್ತು. ಆ ಸಂಘ ಅದನ್ನು ಹೊಂದಿತ್ತು. ದಂಡೆಯ ಜಮೀನಿನ ಒಡೆಯನಾದ ಒಬ್ಬ ಅರ್ಲ್ ಕೂಡ ಜೊತೆವಾದಿಯಾಗಿದ್ದ. ಸ್ವತ್ತು ಇದ್ದವನಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು.

ಶಿರೋಳಿಯ ಸೇತುವೆಯ ಕೆಳಗಿನ ಅಜ್ಜನಿಗೆ ಅಂಥ ಸ್ವತ್ತು ಇಲ್ಲ. ನದಿ ಅವನದಲ್ಲ, ಮೀನು ಅವನದಲ್ಲ, ಕುಳಿತ ಕಲ್ಲು ಕೂಡ ಅವನದಲ್ಲ. ಆದರೆ ಭಾರತದ ಕಾನೂನು ಈ ವಿಷಯದಲ್ಲಿ ಇಂಗ್ಲೆಂಡಿಗಿಂತ ಒಂದು ಹೆಜ್ಜೆ ಮುಂದೆ ನಡೆದಿದೆ. ಆ ಹೆಜ್ಜೆಯನ್ನು ಇರಿಸಿದ್ದೂ ಒಂದು ಟ್ರೌಟ್ ನದಿಯ ದಂಡೆಯಲ್ಲಿಯೇ. ಬಿಯಾಸ್ ನದಿಯ ತೀರದಲ್ಲಿ ವಿಹಾರಗೃಹವೊಂದನ್ನು ಉಳಿಸಿಕೊಳ್ಳುವುದಕ್ಕಾಗಿ ನದಿಯ ಹರಿವನ್ನೇ ತಿರುಗಿಸಿದ್ದರ ವಿಚಾರವಾಗಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರಿನಲ್ಲಿ ತೀರ್ಪು ನೀಡಿತು. ಎಂ. ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಎಂದು ಹೆಸರಾದ ಆ ತೀರ್ಪಿನ ಪ್ರಕಾರ ನದಿ, ಅರಣ್ಯ, ಗಾಳಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಸರ್ಕಾರ ಅವುಗಳ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ. ಸಂವಿಧಾನದ 51ಎ ವಿಧಿಯ (ಜಿ) ಖಂಡ ನದಿಗಳನ್ನು ಹೆಸರಿಸಿಯೇ ಅವುಗಳ ರಕ್ಷಣೆಯನ್ನು ಪ್ರತಿ ನಾಗರಿಕನ ಕರ್ತವ್ಯವಾಗಿಸಿದೆ. ಕರ್ತವ್ಯವಿರುವವನಿಗೆ ದೂರುವ ಅಧಿಕಾರವೂ ಇರಲೇಬೇಕು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗೆ ಸ್ವತ್ತಿನ ಕಾಗದಪತ್ರ ಬೇಕಾಗಿಲ್ಲ. ಬೇಕಾದದ್ದು ಸಾಕ್ಷ್ಯ.

ಗಾಳಗಾರನ ಸಾಕ್ಷ್ಯಕ್ಕೆ ಎಂಥ ಬಲವಿದೆ ಎಂಬುದನ್ನು ಕಾವೇರಿಯೇ ತೋರಿಸಿಕೊಟ್ಟಿದೆ. ಮಂಡ್ಯ ಜಿಲ್ಲೆಯ ಭೀಮೇಶ್ವರಿಯ ಆಚೀಚೆ, ಗಾಲಿಬೋರೆ ಮೊದಲಾದ ಶಿಬಿರಗಳಲ್ಲಿ ಮಹಶೀರ್ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. ಪ್ರತಿದಿನ ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು, ರೆಕ್ಕೆಯ ಬಣ್ಣ ಯಾವುದು ಎಂಬುದನ್ನೆಲ್ಲ ದಾಖಲೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವನ್ಯಜೀವಿ ಕಾನೂನಿನ ಕಾರಣದಿಂದ 2012ರಲ್ಲಿ ಅಲ್ಲಿಯ ಗಾಳ ನಿಂತಿತು. ಆದರೆ ಗಾಲಿಬೋರೆಯ ದಾಖಲೆಯ ಪುಸ್ತಕಗಳು ಉಳಿದಿದ್ದವು. 1998ರಿಂದ 2012ರವರೆಗಿನ ಆ ಪುಟಗಳಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಕೈಗೆತ್ತಿಕೊಂಡಾಗ ಬೆರಗಾಗುವಂಥ ಸತ್ಯ ಹೊರಬಿತ್ತು.

ಒಟ್ಟು ಮೀನುಗಳ ಸಂಖ್ಯೆ ಹೆಚ್ಚಿತ್ತು. ಆದುದರಿಂದ ನದಿ ಸುಖವಾಗಿದೆ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಪುಟಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ, ಕಾವೇರಿಗೇ ಸೊತ್ತಾದ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಿತ್ತು. ಅದರ ಜಾಗವನ್ನು ತುಂಬುತ್ತಿದ್ದುದು ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಈ ಎರಡನೆಯದು ಕೃಷ್ಣೆಯ ಕೊಳ್ಳದ್ದು. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಬಳಿಯ ನದಿಯಿಂದ ವರ್ಣಿಸಿದ ಜಾತಿ. ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಅದರ ಮರಿಗಳನ್ನು ಸದುದ್ದೇಶದಿಂದಲೇ ದೇಶದ ನಾನಾ ನದಿಗಳಿಗೆ ಬಿಟ್ಟಿದ್ದರು. ಕಾವೇರಿಯಲ್ಲಿ ಅದು ಮನೆಯವನನ್ನೇ ಹೊರಗಟ್ಟಿತು. ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅತಿ ಗಂಡಾಂತರದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಗಾಳಗಾರರು ಬಣ್ಣವನ್ನೂ ತೂಕವನ್ನೂ ಬರೆದಿಡದೆ ಹೋಗಿದ್ದರೆ ಆ ಮೀನು ಯಾರ ಗಮನಕ್ಕೂ ಬಾರದೆ ಮುಗಿದುಹೋಗುತ್ತಿತ್ತು.

ಈಗ ಪಂಚಗಂಗೆಗೆ ಮರಳಬಹುದು. ಪ್ರಯಾಗ ಚಿಖಲಿಯ ಸಂಗಮದಲ್ಲಿ ಕಾಸಾರಿ, ಕುಂಭಿ, ತುಳಶಿ, ಭೋಗಾವತಿ ನದಿಗಳು ಗುಪ್ತಗಾಮಿನಿ ಸರಸ್ವತಿಯೊಡನೆ ಕೂಡಿ ಪಂಚಗಂಗೆಯಾಗುತ್ತವೆ. ಅಲ್ಲಿಂದ ಕೊಲ್ಲಾಪುರ, ಶಿರೋಳಿ, ಇಚಲಕರಂಜಿಗಳನ್ನು ಹಾದು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುವ ದಾರಿ ದೊಡ್ಡದೇನಲ್ಲ. ಆದರೆ ಆ ದಾರಿಯುದ್ದಕ್ಕೂ ಪಟ್ಟಣಗಳ ಕೊಳಚೆ, ಬಣ್ಣದ ನೀರು, ಕಾರ್ಖಾನೆಗಳ ತ್ಯಾಜ್ಯ ಕೂಡಿಕೊಳ್ಳುತ್ತವೆ. ದೇಶದ ಅನೇಕ ಕಡೆ ‘ಕೊಲ್ಲಾಪುರ ಪದ್ಧತಿ’ ಎಂದೇ ಹೆಸರಾದ ಬಂಧಾರಗಳು ಇಲ್ಲಿ ಬೇಸಿಗೆಯ ನೀರನ್ನು ಹಿಡಿದು ಹೊಲಗಳನ್ನು ಬದುಕಿಸಿವೆ. ನಿಂತ ನೀರಿಗೆ ಕೊಳಚೆ ಸೇರಿದಾಗ ಮಾತ್ರ ಅದೇ ಬಂಧಾರದ ಮಡು ಮೀನಿನ ಪಾಲಿಗೆ ಸೆರೆಮನೆಯಾಗುತ್ತದೆ. ಸಾವಯವ ಹೊಲಸನ್ನು ಕೊಳೆಸುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನು ಕುಡಿದುಬಿಡುತ್ತವೆ. ಹಗಲಿನಲ್ಲಿ ಪಾಚಿ ಕೊಂಚ ಆಮ್ಲಜನಕವನ್ನು ಮರಳಿಸುತ್ತದೆ. ರಾತ್ರಿ ಅದೂ ಇಲ್ಲ. ಬೆಳಗಿನ ಜಾವ ಆಮ್ಲಜನಕ ತಳ ಮುಟ್ಟುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದೂ ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುವುದೂ ಇದರಿಂದಲೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೀನು ಬಾಳುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಜನರು ಸ್ನಾನ ಮಾಡುವ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಮೀನು ಉಸಿರುಗಟ್ಟಿ ಸತ್ತ ನೀರು ಮನುಷ್ಯನ ಸ್ನಾನಕ್ಕೂ ತಕ್ಕುದಲ್ಲವೆಂದು ಇದರ ಅರ್ಥ.

2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜನರು ಪ್ರಾಣ ಕಳೆದುಕೊಂಡದ್ದನ್ನು ಆ ಊರು ಮರೆತಿಲ್ಲ. ಪಂಚಗಂಗೆಯ ಮಾಲಿನ್ಯದ ಪ್ರಶ್ನೆ ಮುಂಬೈ ಉಚ್ಚ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿದೆ. ಸತ್ತ ಮೀನು ಮೊದಲ ಎಚ್ಚರಿಕೆ. ಅದನ್ನು ಯಾರೂ ಓದದಿದ್ದರೆ ಎರಡನೆಯ ಎಚ್ಚರಿಕೆ ಮನೆಯೊಳಗೇ ಬರುತ್ತದೆ.

ಗಡಹಿಂಗ್ಲಜದ ಕಡೆಯವರ ನದಿ ಹಿರಣ್ಯಕೇಶಿಯ ಕಥೆಯಲ್ಲಿ ಕೊಂಚ ಬೆಳಕಿದೆ. ಅದು ಅಂಬೋಲಿಯ ಗುಹೆಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ಹಾದು ಸಂಕೇಶ್ವರದ ಕಡೆ ಕರ್ನಾಟಕಕ್ಕೆ ಇಳಿದು ಘಟಪ್ರಭೆಯನ್ನು ಸೇರುತ್ತದೆ. ಅದರ ಉಗಮದ ದೇವಾಲಯದ ಕೊಳದಲ್ಲಿ ಬೆರಳುದ್ದದ ಪುಟ್ಟ ಮೀನೊಂದನ್ನು ಸಂಶೋಧಕರು 2020ರಲ್ಲಿ ಹೊಸ ಜಾತಿಯೆಂದು ಗುರುತಿಸಿ ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ‘ಶಿಸ್ಟುರಾ ಹಿರಣ್ಯಕೇಶಿ’ ಎಂಬುದು ಅದರ ವೈಜ್ಞಾನಿಕ ನಾಮ. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಎರಡು ಹೆಕ್ಟೇರಿಗೆ ತುಸು ಹೆಚ್ಚಿನ ಆ ಜಾಗವನ್ನು ಜೈವಿಕ ವೈವಿಧ್ಯ ಅಧಿನಿಯಮ 2002ರ ಅಡಿಯಲ್ಲಿ ಪರಂಪರೆಯ ತಾಣವೆಂದು ಘೋಷಿಸಿತು. ದೇವರ ಕೊಳದ ಮೀನನ್ನು ಮುಟ್ಟಬಾರದೆಂಬ ಭಾವನೆ ಈ ನಾಡಿನಲ್ಲಿ ಹಳೆಯದು. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಭಕ್ತರೇ ಮೇವು ಹಾಕುತ್ತಾರೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಊರವರು ಆ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಉಗಮದಲ್ಲಿ ಪೂಜೆಗೊಳ್ಳುವ ನದಿ ಹತ್ತಾರು ಹರಿದಾರಿ ಕೆಳಗೆ ಇಳಿದ ಮೇಲೆ ಚರಂಡಿಯಾಗುವುದನ್ನು ಮಾತ್ರ ಅದೇ ಜನ ಸಹಿಸಿಕೊಳ್ಳುತ್ತಾರೆ.

ಹಾಗಾದರೆ ಸೇತುವೆಯ ಕೆಳಗಿನ ಅಜ್ಜನಾಗಲಿ ಅವನ ಪಕ್ಕದ ಹುಡುಗನಾಗಲಿ ಏನು ಮಾಡಬಹುದು? ಮೊದಲನೆಯದಾಗಿ, ಎರಡು ರೂಲಿನ ಒಂದು ನೋಟುಪುಸ್ತಕ ಸಾಕು. ದಿನಾಂಕ, ಹೊತ್ತು, ಜಾಗ, ನೀರಿನ ಬಣ್ಣ ಮತ್ತು ವಾಸನೆ, ಸಿಕ್ಕ ಮೀನು ಯಾವುದು, ಸತ್ತ ಮೀನು ಎಷ್ಟು, ಜೊತೆಗಿದ್ದವರು ಯಾರು ಇಷ್ಟನ್ನು ಅಂದಂದೇ ಬರೆದಿಡಬೇಕು. ವರ್ಷವಿಡೀ ಹೀಗೆ ಬರೆದ ಪುಸ್ತಕದ ಮುಂದೆ, ಮೊಕದ್ದಮೆಗೆಂದು ಒಂದೇ ದಿನ ಕೂತು ಬರೆದ ಹತ್ತು ಪುಟದ ಪ್ರತಿಜ್ಞಾಪತ್ರ ನಿಲ್ಲಲಾರದು. ಮೊಬೈಲಿನಲ್ಲಿ ತೆಗೆದ ಚಿತ್ರ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಆದ್ದರಿಂದ ಮೂಲ ಚಿತ್ರವನ್ನು ಅಳಿಸಬಾರದು, ಫೋನನ್ನು ಮಾರಿಬಿಡಬಾರದು.

ಎರಡನೆಯದಾಗಿ, ಬಾಟಲಿಯಲ್ಲಿ ನೀರು ತುಂಬಿಕೊಂಡು ಖಾಸಗಿ ಪ್ರಯೋಗಾಲಯಕ್ಕೆ ಓಡಿದರೆ ಕೆಲಸವಾಗದು. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ 1974ರ 21ನೆಯ ಕಲಂ ತ್ಯಾಜ್ಯದ ಮಾದರಿಯನ್ನು ಮಂಡಳಿಯ ಅಧಿಕಾರಿ ಹೇಗೆ ತೆಗೆಯಬೇಕು, ಹೇಗೆ ಮುದ್ರೆಯೊತ್ತಬೇಕು ಎಂದು ವಿಧಿಸಿದೆ. ಆ ಕ್ರಮ ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆದುದರಿಂದ ಮೀನು ತೇಲಿದ ಬೆಳಿಗ್ಗೆಯೇ ಮಂಡಳಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮುದ್ರೆ ಪಡೆದು, ಮಾದರಿ ತೆಗೆಯಲು ಕೇಳಬೇಕು. ಅಧಿಕಾರಿ ಮೂರು ದಿನ ತಡವಾಗಿ ಬಂದರೆ ಆ ತಡವನ್ನೇ ಸ್ವೀಕೃತಿಯ ಪತ್ರ ಹೇಳುತ್ತದೆ. ಪುಣೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಪಶ್ಚಿಮ ವಲಯ ಪೀಠವಿದೆ. ಪರಿಸರದ ವಿವಾದಕ್ಕೆ ಆರು ತಿಂಗಳು, ಪರಿಹಾರ ಮತ್ತು ಪುನಃಸ್ಥಾಪನೆಯ ಬೇಡಿಕೆಗೆ ಐದು ವರ್ಷಗಳ ಕಾಲಮಿತಿಯಿದೆ. 2025ರ ಆಗಸ್ಟ್ 18ರಿಂದ ಮುಂಬೈ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಕೊಲ್ಲಾಪುರದಲ್ಲಿಯೇ ಕುಳಿತಿದೆ. ಮುಂಬೈಗೆ ರಾತ್ರಿ ಬಸ್ಸು ಹಿಡಿಯಬೇಕೆಂಬ ನೆಪ ಇನ್ನು ಉಳಿದಿಲ್ಲ.

ಮೂರನೆಯದು ಭಾಷೆಯ ಮಾತು. “ದೂರು ಬರೆಯಲು ಮರಾಠಿ ಸರಿಯಾಗಿ ಬಾರದು” ಎಂದು ಹಿಂಜರಿಯುವ ಕನ್ನಡಿಗರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಸಂವಿಧಾನದ 350ನೆಯ ವಿಧಿ ಅವರಿಗಾಗಿಯೇ ಇದೆ. ಕುಂದುಕೊರತೆಯ ನಿವಾರಣೆಗೆ ಯಾವುದೇ ಅಧಿಕಾರಿಗೆ ಕೊಡುವ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯುವ ಹಕ್ಕನ್ನು ಅದು ಕೊಟ್ಟಿದೆ. ನದಿಯ ನೋಟುಪುಸ್ತಕವನ್ನೂ ದೂರನ್ನೂ ಕನ್ನಡದಲ್ಲಿಯೇ ಬರೆಯಬಹುದು. ನರಸೋಬಾವಾಡಿಯಲ್ಲಿ ಕೃಷ್ಣೆಯಾಗುವ ಈ ನೀರು ಮುಂದೆ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಕನ್ನಡಿಗರ ಹೊಲಕ್ಕೂ ಕೊಡಕ್ಕೂ ಹೋಗುತ್ತದೆ. ಗಡಿಯ ಎರಡೂ ಬದಿಯವರು ನೀರಿನ ಪ್ರಮಾಣಕ್ಕಾಗಿ ದಶಕಗಳ ಕಾಲ ನ್ಯಾಯಾಧಿಕರಣಗಳ ಮುಂದೆ ವಾದಿಸಿದ್ದಾರೆ. ನೀರಿನ ಗುಣಕ್ಕಾಗಿ ಒಟ್ಟಿಗೆ ಕೈಯೆತ್ತಿದ್ದು ಕಡಿಮೆ.

ಹಿಮಾಲಯದ ತೊರೆಯಲ್ಲಿ ಹುಸಿನೊಣ ಬೀಸುವವನು ವಸಂತದ ಕೊನೆಗೆ ತನ್ನ ಪುಸ್ತಕದಲ್ಲಿ ಕೀಟಗಳ ಹೆಸರನ್ನೂ ನೀರಿನ ಉಷ್ಣತೆಯನ್ನೂ ಬರೆದು ಮುಗಿಸುತ್ತಾನೆ. ಶಿರೋಳಿಯ ಅಜ್ಜನಿಗೆ ಟ್ರೌಟ್ ಬೇಕಾಗಿಲ್ಲ. ಸಂಜೆಯ ಸಾರಿಗೆ ಎರಡು ಮರಳ ಮೀನು ಸಿಕ್ಕರೆ ಅವನಿಗೆ ಸಮಾಧಾನ. ಅವನಿಗೆ ಅಕ್ಷರ ಬಾರದಿದ್ದರೆ ಪಕ್ಕದಲ್ಲಿ ಕುಳಿತ ಹುಡುಗ ಬರೆದುಕೊಳ್ಳಲಿ. “ಇವತ್ತ ನೀರ ಚಲೋ ಇಲ್ಲ” ಎಂಬ ಮಾತಿನ ಎದುರಿಗೆ ದಿನಾಂಕವನ್ನೂ ಹೊತ್ತನ್ನೂ ಬರೆದ ಕ್ಷಣದಿಂದ ಅದು ಸಾಕ್ಷ್ಯವಾಗುತ್ತದೆ. ಈ ವರ್ಷದ ಯುಗಾದಿಗೆ ಹುಡುಗನ ಕೈಗೆ ಗಾಳದ ಕೋಲಿನೊಂದಿಗೆ ಒಂದು ಪುಸ್ತಕವನ್ನೂ ಕೊಟ್ಟರೆ ಪಂಚಗಂಗೆಯ ಪರವಾಗಿ ಮೊದಲ ಸಾಕ್ಷಿ ಸಿಕ್ಕಂತಾಗುವುದು.